ಹೋದ ದಾರಿಯಲ್ಲೇ ವಾಪಸು

‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಸಿನಿಮಾದ ಬಗ್ಗೆ ಮಾತು ಎದ್ದಾಗಲೆಲ್ಲ ನನ್ನ ಕಿವಿಗೆ ಬೀಳುವ ಒಂದು ಮಾತಿದೆ: “ನೋಡೋಕೆ ಅದ್ಭುತ, ಆದರೆ ಕಥೆ ಅಂತ ಏನೂ ಇಲ್ಲ.” ಹಾಗೆ ಹೇಳುವವರು ಸಿನಿಮಾವನ್ನು ಬೈಯುತ್ತಿರುವುದಿಲ್ಲ, ಬಹುಪಾಲು ಹೊಗಳುತ್ತಲೇ ಇರುತ್ತಾರೆ. ಎರಡು ಗಂಟೆ ಕಾಲ ಮರಳುಗಾಡಿನಲ್ಲಿ ಒಂದು ಟ್ಯಾಂಕರ್ ಲಾರಿ ಓಡುತ್ತದೆ, ಹಿಂದೆ ಒಂದು ಸೈನ್ಯವೇ ಅಟ್ಟಿಸಿಕೊಂಡು ಬರುತ್ತದೆ. ಒಂದು ಹಂತದಲ್ಲಿ ಲಾರಿ ತಿರುಗಿ, ಬಂದ ದಾರಿಯಲ್ಲೇ ವಾಪಸು ಓಡುತ್ತದೆ. ಮುಗಿಯಿತು. ಆಸ್ಕರ್ ಕೊಡುವವರಿಗೂ ಹೀಗೇ ಅನ್ನಿಸಿರಬೇಕು. 2015ರ ಈ ಚಿತ್ರಕ್ಕೆ 10 ನಾಮನಿರ್ದೇಶನ ಬಂತು, ಸಂಕಲನ, ಧ್ವನಿ, ವಸ್ತ್ರವಿನ್ಯಾಸ ಎಂದೆಲ್ಲ 6 ಪ್ರಶಸ್ತಿ ಬಂತು. ಚಿತ್ರಕಥೆಗೆ ಮಾತ್ರ ನಾಮನಿರ್ದೇಶನವೂ ಸಿಗಲಿಲ್ಲ.

ನನಗೆ ಇದು ತಿರುಗುಮುರುಗಾಗಿ ಕಾಣುತ್ತದೆ. ದೊಡ್ಡ ಬಜೆಟ್ಟಿನ ಸಾಹಸ ಚಿತ್ರಗಳಲ್ಲಿ ಇಷ್ಟು ಬಿಗಿಯಾದ ಹೆಣಿಗೆಯಿರುವ ಇನ್ನೊಂದನ್ನು ಈಚೆಗೆ ನಾನು ನೋಡಿಲ್ಲ. ಕಥೆ ಇಲ್ಲವೆನ್ನುವವರು ನಿಜಕ್ಕೂ ಹೇಳುತ್ತಿರುವುದು ಇಷ್ಟೇ: ಮಾತು ಕಡಿಮೆ, ಪಾತ್ರಗಳ ಪೂರ್ವವೃತ್ತಾಂತ ಇಲ್ಲ, ಸಾರಾಂಶ ಬರೆಯಲು ಹೋದರೆ ಅರ್ಧ ಪುಟ ತುಂಬುವುದಿಲ್ಲ. ಈ ಮೂರೂ ನಿಜ. ಆದರೆ ಇವು ಯಾವುವೂ ಕಥೆಯ ಹೆಣಿಗೆಗೆ ಸಂಬಂಧಪಟ್ಟವಲ್ಲ. ನಮ್ಮ ಸಾಹಿತ್ಯದ ತರಗತಿಗಳಲ್ಲೂ ಇದೇ ಗೊಂದಲವಿದೆ ಎಂಬ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಾದಂಬರಿಯೊಂದನ್ನು ಕೈಗೆ ಕೊಟ್ಟು ನಾವು ಮೊದಲು ಕೇಳುವುದು ‘ಕಥಾಸಾರಾಂಶ ಬರೆಯಿರಿ’ ಎಂದು. ಸಾರಾಂಶಕ್ಕೆ ಸಿಕ್ಕುವುದು ಘಟನೆಗಳು ಮಾತ್ರ. ಒಂದು ಘಟನೆ ಇನ್ನೊಂದಕ್ಕೆ ಹೇಗೆ ಅಂಟಿಕೊಂಡಿದೆ ಎಂಬುದು ಸಾರಾಂಶದಲ್ಲಿ ಮೊದಲು ಕಳೆದುಹೋಗುತ್ತದೆ.

ಅರಿಸ್ಟಾಟಲ್ ತನ್ನ ‘ಪೊಯೆಟಿಕ್ಸ್’ನಲ್ಲಿ ಎತ್ತಿ ಹೇಳುವುದು ಈ ಅಂಟನ್ನೇ. ಒಂದು ಇನ್ನೊಂದರ ನಂತರ ನಡೆಯುವುದಕ್ಕೂ ಒಂದು ಇನ್ನೊಂದರಿಂದಾಗಿ ನಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ ಎನ್ನುತ್ತಾನೆ ಆತ. ಬಿಡಿ ಪ್ರಸಂಗಗಳನ್ನು ಸಾಲಾಗಿ ಜೋಡಿಸಿದ ಹೆಣಿಗೆ ಅವನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೀಳು. ಕನ್ನಡದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಕಥೆಯನ್ನು ಯಾರಿಗಾದರೂ ಹೇಳುತ್ತಾ ಹೋಗಿ. ಎರಡು ದೃಶ್ಯಗಳ ನಡುವೆ ನಿಮ್ಮ ಬಾಯಿಗೆ ‘ಆಮೇಲೆ’ ಬರುತ್ತದೋ ‘ಆದ್ದರಿಂದ’ ಬರುತ್ತದೋ ಗಮನಿಸಿ. ನಗರಗಳನ್ನು ಒಂದಾದ ಮೇಲೊಂದರಂತೆ ನೆಲಸಮ ಮಾಡುವ ಮಹಾವೀರರ ಚಿತ್ರಗಳಲ್ಲಿ ಹೆಚ್ಚಿನವು ‘ಆಮೇಲೆ’ಯಿಂದಲೇ ನಡೆಯುತ್ತವೆ. ಹೊಡೆದಾಟ, ಆಮೇಲೆ ವಿವರಣೆ, ಆಮೇಲೆ ಇನ್ನೂ ದೊಡ್ಡ ಹೊಡೆದಾಟ. ಮಧ್ಯದಿಂದ ಒಂದನ್ನು ಕಿತ್ತು ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಫ್ಯೂರಿ ರೋಡ್’ನಿಂದ ಹಾಗೆ ಒಂದು ದೃಶ್ಯವನ್ನು ಕಿತ್ತು ನೋಡಿ.

ಸಿನಿಮಾ ನೋಡಿ ಬಹಳ ದಿನವಾದವರಿಗಾಗಿ ಸಂದರ್ಭ ಹೇಳಿಬಿಡುತ್ತೇನೆ. ಲೋಕ ಹಾಳಾದ ಮೇಲಿನ ಒಂದು ಮರಳುಗಾಡು. ಅಲ್ಲಿ ಸಿಟಡೆಲ್ ಎಂಬ ಬಂಡೆಯ ಕೋಟೆ. ಅದರ ಒಡೆಯ ಇಮ್ಮಾರ್ಟನ್ ಜೋನ ಕೈಯಲ್ಲಿ ನೀರಿದೆ, ಹಸಿರಿದೆ, ಅವನಿಗಾಗಿ ಸಾಯಲು ಹಂಬಲಿಸುವ ‘ವಾರ್ ಬಾಯ್’ ಎಂಬ ಹುಡುಗರಿದ್ದಾರೆ. ಅಲೆಮಾರಿ ಮ್ಯಾಕ್ಸ್ ಅವರ ಕೈಗೆ ಸಿಕ್ಕಿಬೀಳುತ್ತಾನೆ. ಯಾರಿಗೆ ಬೇಕಾದರೂ ಕೊಡಬಹುದಾದ ರಕ್ತದ ಗುಂಪು ಅವನದು. ಆದ್ದರಿಂದ ನಕ್ಸ್ ಎಂಬ ಕಾಯಿಲೆಯ ಹುಡುಗನಿಗೆ ರಕ್ತದ ಚೀಲವಾಗುತ್ತಾನೆ. ಅದೇ ಹೊತ್ತಿಗೆ ಜೋನ ಸೇನಾನಿ ಫ್ಯೂರಿಯೋಸಾ, ಪೆಟ್ರೋಲ್ ತರಲು ಹೊರಟ ಟ್ಯಾಂಕರನ್ನು ದಾರಿ ತಪ್ಪಿಸುತ್ತಾಳೆ. ಅದರೊಳಗೆ ಜೋನ ಐವರು ಹೆಂಡತಿಯರಿದ್ದಾರೆ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಲಾರಿ ರಸ್ತೆ ಬಿಟ್ಟದ್ದು ಕೋಟೆಯಿಂದ ದುರ್ಬೀನಿನಲ್ಲಿ ಕಾಣುತ್ತದೆ, ಜೋ ತಡಬಡಿಸಿ ಓಡುತ್ತಾನೆ, ಬೀಗ ಹಾಕುವ ಕೋಣೆ ಖಾಲಿಯಿದೆ, ಗೋಡೆಯ ಮೇಲೆ ಬರಹವಿದೆ. ಲಾರಿಯಲ್ಲಿ ಏನಿದೆ ಎಂಬುದು ಇಲ್ಲದ ಕೋಣೆಯಿಂದ ನಮಗೆ ಗೊತ್ತಾಗುತ್ತದೆ. ನಕ್ಸ್‌ಗೆ ಈ ಬೇಟೆಯನ್ನು ತಪ್ಪಿಸಿಕೊಳ್ಳುವ ಮನಸ್ಸಿಲ್ಲ. ಆದರೆ ರಕ್ತವಿಲ್ಲದೆ ನಿಲ್ಲಲಾರ. ಆದ್ದರಿಂದ ರಕ್ತದ ಚೀಲವನ್ನೇ ಕಾರಿನ ಮುಂದೆ ಕಟ್ಟಿಕೊಂಡು ಹೊರಡುತ್ತಾನೆ. ಚಿತ್ರಕ್ಕೆ ಹೆಸರು ಕೊಟ್ಟ ನಾಯಕ ಕಥೆಯೊಳಗೆ ಪ್ರವೇಶಿಸುವುದು ಹೀಗೆ, ಬಾಯಿಗೆ ಕಬ್ಬಿಣದ ಮುಖವಾಡ ಹಾಕಿಸಿಕೊಂಡು, ಸಾಮಾನಿನ ಹಾಗೆ. ನಾಯಕನ ಪ್ರವೇಶವೆಂದರೆ ಶಿಳ್ಳೆಗೆ ಜಾಗ ಬಿಡುವುದು ಎಂದುಕೊಂಡಿರುವ ನಮಗೆ ಇದನ್ನು ನೋಡಿದರೆ ತಮಾಷೆಯಾಗಬೇಕು.

ನಕ್ಸ್‌ನ ಕೈಗೂ ಮ್ಯಾಕ್ಸ್‌ನ ಕೈಗೂ ನಡುವೆ ಒಂದು ಸರಪಳಿಯಿದೆ. ಈ ಸರಪಳಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ರಕ್ತದ ಚೀಲ ತಪ್ಪಿಸಿಕೊಳ್ಳಬಾರದೆಂದು ಹಾಕಿದ್ದು ಅದು. ಬಿರುಗಾಳಿಯಲ್ಲಿ ಕಾರು ಪುಡಿಯಾದ ಮೇಲೆ ಮ್ಯಾಕ್ಸ್ ಎಚ್ಚರಗೊಂಡು, ಪ್ರಜ್ಞೆ ಇಲ್ಲದ ನಕ್ಸ್‌ನನ್ನು ಹೆಗಲ ಮೇಲೆ ಹೊತ್ತುಕೊಂಡೇ ನಡೆಯಬೇಕಾಗುತ್ತದೆ, ಸರಪಳಿ ಇರುವುದರಿಂದ. ಮೂವರ ಮೊದಲ ಕಾದಾಟದಲ್ಲಿ ಅದು ಆಯುಧವೂ ಹೌದು, ಅಡ್ಡಿಯೂ ಹೌದು. ಮುಂದೆ ಸರಪಳಿ ತುಂಡಾದರೂ ಅದರ ಒಂದು ಕೊನೆ ನಕ್ಸ್‌ನ ಕೈಯಲ್ಲೇ ಜೋತಾಡುತ್ತಿರುತ್ತದೆ. ಆ ಹುಡುಗನ ಬದುಕಿನ ದೊಡ್ಡ ಗಳಿಗೆ ಬರುತ್ತದೆ: ದೇವರೆಂದು ನಂಬಿದ ಜೋ ಅವನಿಗೆ ಪಿಸ್ತೂಲು ಕೊಟ್ಟು, ಹಾರಿ ಹೋಗಿ ಫ್ಯೂರಿಯೋಸಾಳನ್ನು ಕೊಲ್ಲು ಎನ್ನುತ್ತಾನೆ. ಹುಡುಗ ಲಾರಿಗೆ ಹಾರುತ್ತಾನೆ, ಎರಡು ಹೆಜ್ಜೆ ಇಡುತ್ತಾನೆ, ಸರಪಳಿ ಸಿಕ್ಕಿಕೊಂಡು ಮುಗ್ಗರಿಸುತ್ತಾನೆ, ಪಿಸ್ತೂಲು ಕೈ ಜಾರುತ್ತದೆ. ಜೋ ಒಂದೇ ಶಬ್ದದಲ್ಲಿ ಅವನನ್ನು ತಿರಸ್ಕರಿಸುತ್ತಾನೆ. ಆ ಅವಮಾನದಿಂದ ಹುಡುಗ ಲಾರಿಯ ಹಿಂಬದಿಯಲ್ಲಿ ಮುದುಡಿ ಕೂತಿರುವಾಗ ಹೆಂಡತಿಯರಲ್ಲೊಬ್ಬಳಾದ ಕೇಪಬಲ್‌ಳ ಕಣ್ಣಿಗೆ ಬೀಳುತ್ತಾನೆ. ಅವಳು ಅವನನ್ನು ಹೊರಗೆ ನೂಕುವುದಿಲ್ಲ. ಆದ್ದರಿಂದ ಅವನು ಈ ಕಡೆಗೆ ವಾಲುತ್ತಾನೆ. ಆದ್ದರಿಂದ ರಾತ್ರಿ ಕೆಸರಿನಲ್ಲಿ ಲಾರಿ ಹೂತಾಗ ಮರಕ್ಕೆ ಹಗ್ಗ ಬಿಗಿದು ಎಳೆಯಲು ಅವನಿರುತ್ತಾನೆ. ಆದ್ದರಿಂದ ಕೊನೆಯಲ್ಲಿ ಕಣಿವೆಯ ಬಾಯಿಯಲ್ಲಿ ಲಾರಿಯನ್ನು ಉರುಳಿಸಿ, ತಾನೂ ಸತ್ತು, ದಾರಿ ಮುಚ್ಚಲು ಅವನೇ ಇರುತ್ತಾನೆ. ಕಾರ್ಯಕಾರಣದ ಸರಪಳಿ ಎಂದು ನಾವು ರೂಪಕವಾಗಿ ಹೇಳುತ್ತೇವಲ್ಲ, ಇಲ್ಲಿ ಅದು ಕಬ್ಬಿಣದ್ದೇ.

ಇದರ ಪಕ್ಕದಲ್ಲೇ ಇನ್ನೊಂದಿದೆ, ಇನ್ನೂ ಕ್ರೂರವಾದದ್ದು. ಮ್ಯಾಕ್ಸ್ ಮೊದಲ ಸಲ ಈ ಹೆಂಗಸರ ಎದುರು ಬಂದಾಗ ಅವನಿಗೆ ಬೇಕಿರುವುದು ನೀರು ಮತ್ತು ಸರಪಳಿ ತುಂಡರಿಸುವ ಕತ್ತರಿ. ಹೆದರಿಸಲು ಹಾರಿಸಿದ ಒಂದು ಗುಂಡು ತುಂಬುಗರ್ಭಿಣಿ ಅಂಗರಾಡ್‌ಳ ಕಾಲನ್ನು ಸವರಿಕೊಂಡು ಹೋಗುತ್ತದೆ. ಸಣ್ಣ ಗಾಯ, ಯಾರೂ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಮುಂದೆ ಜೋನ ಗಾಡಿ ಪಕ್ಕಕ್ಕೇ ಬಂದಾಗ ಅವಳು ಬಾಗಿಲಿನಿಂದ ಹೊರಗೆ ಜೋತುಬಿದ್ದು ತನ್ನ ಬಸುರಿನ ಮೈಯನ್ನೇ ಗುರಾಣಿ ಮಾಡುತ್ತಾಳೆ. ಅವಳ ಹೊಟ್ಟೆಯಲ್ಲಿರುವುದು ತನ್ನ ವಂಶವೆಂದು ಜೋ ಗುಂಡು ಹಾರಿಸುವುದಿಲ್ಲ. ಮ್ಯಾಕ್ಸ್ ಅವಳತ್ತ ನೋಡಿ ಹೆಬ್ಬೆರಳೆತ್ತುತ್ತಾನೆ, ಮೆಚ್ಚಿಗೆಯಿಂದ. ಮರುಕ್ಷಣವೇ ಅವಳ ಕಾಲು ಜಾರುತ್ತದೆ, ಗಾಯವಾದ ಕಾಲು. ಅವಳು ಚಕ್ರದಡಿ ಬೀಳುತ್ತಾಳೆ. ಚಿತ್ರ ಇದನ್ನು ಎತ್ತಿ ಹೇಳುವುದಿಲ್ಲ, ‘ನನ್ನಿಂದಲೇ ಹೀಗಾಯಿತು’ ಎಂದು ಮ್ಯಾಕ್ಸ್ ಗೋಳಾಡುವುದಿಲ್ಲ. ಗಮನಿಸಿದವರಿಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಒಬ್ಬ ಮನುಷ್ಯ ತನ್ನ ಬಗ್ಗೆ ಮಾತ್ರ ಯೋಚಿಸುತ್ತಿದ್ದ ಗಳಿಗೆಯಲ್ಲಿ ಮಾಡಿದ್ದು, ಅವನು ಇತರರ ಬಗ್ಗೆ ಯೋಚಿಸಲು ಶುರುಮಾಡಿದ ಗಳಿಗೆಯಲ್ಲಿ ಬಂದು ಬಡಿಯುತ್ತದೆ. ಇದನ್ನು ‘ಕಥೆ’ ಎನ್ನದೆ ಇನ್ನೇನೆನ್ನಬೇಕು?

ಈ ಚಿತ್ರ ಮೊದಲು ಸಂಭಾಷಣೆಯಿರುವ ಚಿತ್ರಕಥೆಯಾಗಿ ಹುಟ್ಟಲಿಲ್ಲ ಎಂಬುದು ಇಲ್ಲಿ ಮುಖ್ಯ. ನಿರ್ದೇಶಕ ಜಾರ್ಜ್ ಮಿಲ್ಲರ್, ಬ್ರೆಂಡನ್ ಮೆಕಾರ್ಥಿ ಮೊದಲಾದವರ ಜೊತೆ ಕೂತು ಅದನ್ನು ಸುಮಾರು 3,500 ಚೌಕಗಳ ಚಿತ್ರಸರಣಿಯಾಗಿ ಬಿಡಿಸಿಟ್ಟರು. 2012ರಲ್ಲಿ ನಮೀಬಿಯಾದ ಮರಳುಗಾಡಿನಲ್ಲಿ ಮುಖ್ಯ ಚಿತ್ರೀಕರಣ ನಡೆಯಿತು. ಸುಮಾರು 480 ಗಂಟೆಗಳ ದೃಶ್ಯಸಾಮಗ್ರಿಯನ್ನು ಎರಡು ಗಂಟೆಗೆ ಇಳಿಸಿದವರು ಮಾರ್ಗರೆಟ್ ಸಿಕ್ಸೆಲ್, ಮಿಲ್ಲರ್ ಅವರ ಹೆಂಡತಿ. ಅದುವರೆಗೆ ಆಕ್ಷನ್ ಚಿತ್ರವನ್ನೇ ಸಂಕಲನ ಮಾಡಿರದವರು. ಚಿತ್ರವಾಗಿಯೇ ಯೋಚಿಸಿದ ಕಥೆಗೆ ಮಾತಿನ ಊರುಗೋಲು ಬೇಕಾಗುವುದಿಲ್ಲ. ಆದರೆ ಪ್ರತಿ ಚೌಕವೂ ಮುಂದಿನ ಚೌಕಕ್ಕೆ ಕಾರಣ ಕೊಡಲೇಬೇಕು, ಯಾಕೆಂದರೆ ‘ಯಾಕೆ ಹೀಗಾಯಿತು’ ಎಂದು ಆಮೇಲೆ ಬಾಯಲ್ಲಿ ಹೇಳಿ ತೇಪೆ ಹಾಕಲು ಅಲ್ಲಿ ಅವಕಾಶವಿಲ್ಲ.

ಇನ್ನು ಆ ತಿರುವು. ಅಮೆರಿಕದ ಚಿತ್ರಕಥಾ ಕೈಪಿಡಿಗಳ ಪ್ರಕಾರ ದೊಡ್ಡ ತಿರುವು ಇಂತಿಷ್ಟನೇ ಪುಟಕ್ಕೆ ಬರಬೇಕು. ನಮ್ಮಲ್ಲಿ ಅದು ಇಂಟರ್‌ವಲ್‌ಗೆ ಬರಬೇಕು. ಬರದಿದ್ದರೂ ಚಿತ್ರಮಂದಿರದವರು ತಾವೇ ಒಂದು ಕಡೆ ನಿಲ್ಲಿಸಿ ಪಾಪ್‌ಕಾರ್ನ್ ಮಾರುತ್ತಾರೆ. (ಈ ಚಿತ್ರವನ್ನು ಮಧ್ಯದಲ್ಲಿ ನಿಲ್ಲಿಸುವುದು ಓಡುವ ರೈಲಿನ ಚೈನು ಎಳೆದ ಹಾಗೆ.) ಇಲ್ಲಿ ತಿರುವು ಬರುವುದು ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗ ಕಳೆದ ಮೇಲೆ. ಫ್ಯೂರಿಯೋಸಾ ಹೊರಟದ್ದು ತಾನು ಹುಟ್ಟಿದ ಹಸಿರು ನೆಲವನ್ನು ಹುಡುಕಿಕೊಂಡು. ಕೊನೆಗೂ ತನ್ನ ಕುಲದ ಮುದುಕಿಯರು ಸಿಕ್ಕುತ್ತಾರೆ. ಹಸಿರು ನೆಲ ಎಲ್ಲಿ ಎಂದರೆ, ನೀವು ಅದನ್ನು ದಾಟಿಕೊಂಡೇ ಬಂದಿದ್ದೀರಿ ಎನ್ನುತ್ತಾರೆ. ಹಿಂದಿನ ರಾತ್ರಿ ಲಾರಿ ಹೂತುಹೋಗಿದ್ದ, ಕಾಗೆಗಳು ತುಂಬಿದ್ದ, ಮರಗಾಲು ಕಟ್ಟಿಕೊಂಡವರು ಓಡಾಡುತ್ತಿದ್ದ ಆ ವಿಷದ ಕೆಸರೇ ಅದು.

ಅರಿಸ್ಟಾಟಲ್ ಅತ್ಯುತ್ತಮ ಹೆಣಿಗೆಗೆ ಎರಡು ಗುಣ ಹೇಳುತ್ತಾನೆ: ಗುರುತು ಹತ್ತುವುದು ಮತ್ತು ದೆಸೆ ತಿರುಗುವುದು. ಎರಡೂ ಒಂದೇ ಗಳಿಗೆಯಲ್ಲಿ ನಡೆದರೆ ಅದು ಎಲ್ಲಕ್ಕಿಂತ ಮೇಲು; ಅದಕ್ಕೆ ಅವನು ಕೊಡುವ ಉದಾಹರಣೆ ಈಡಿಪಸ್. ಗುರುತು ಹತ್ತಿಸಲು ಉಂಗುರ, ಮಚ್ಚೆಗಳಂಥ ಉಪಾಯ ಬೇಡ, ಘಟನೆಗಳೊಳಗಿನಿಂದಲೇ ಅದು ಹುಟ್ಟಬೇಕು ಎಂದೂ ಹೇಳುತ್ತಾನೆ. ಕೆಸರಿನ ಸುದ್ದಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಾವೂ ಆ ಕೆಸರನ್ನು ನೋಡಿದ್ದೆವು, ಫ್ಯೂರಿಯೋಸಾಳೂ ನೋಡಿದ್ದಳು, ಇಬ್ಬರಿಗೂ ಗುರುತು ಹತ್ತಿರಲಿಲ್ಲ. ಹೊಸ ಮಾಹಿತಿ ಏನೂ ಬರಲಿಲ್ಲ. ಹಳೆಯ ದೃಶ್ಯದ ಅರ್ಥ ಬದಲಾಯಿತು. ದೆಸೆ ತಿರುಗುವುದಂತೂ ಇಲ್ಲಿ ಅಕ್ಷರಶಃ: ಲಾರಿಯ ಮೂತಿ ಹಿಂದಕ್ಕೆ ತಿರುಗುತ್ತದೆ. ಉಪ್ಪಿನ ಬಯಲಿನಾಚೆ 160 ದಿನ ಓಡುವಷ್ಟು ಪೆಟ್ರೋಲ್ ಇದೆ, ಮುಂದೇನಿದೆಯೋ ಗೊತ್ತಿಲ್ಲ. ಹಿಂದೆ ಸಿಟಡೆಲ್‌ನಲ್ಲಿ ನೀರಿದೆ, ಬೆಳೆಯಿದೆ, ಮತ್ತು ಕಾವಲಿಲ್ಲ. ಕಾವಲು ಯಾಕಿಲ್ಲ? ಇಡೀ ಸೈನ್ಯ ಇವರನ್ನೇ ಅಟ್ಟಿಸಿಕೊಂಡು ಬಂದಿರುವುದರಿಂದ. ಅಂದರೆ ಮೊದಲ ಓಟವೇ ಕೋಟೆಯನ್ನು ಖಾಲಿ ಮಾಡಿ ಎರಡನೆಯ ಓಟಕ್ಕೆ ದಾರಿ ತೆರೆದಿದೆ. ಓಡಿಹೋದದ್ದು ವ್ಯರ್ಥವಾಗಲಿಲ್ಲ, ಅದು ನಡೆಯದಿದ್ದರೆ ಮರಳುವ ಪ್ರಶ್ನೆಯೇ ಇರಲಿಲ್ಲ.

ಹೋಗಿ ಬರುವ ಈ ವಿನ್ಯಾಸ ಹೊಸದೇನಲ್ಲ. ಬಸ್ಟರ್ ಕೀಟನ್‌ನ ‘ದ ಜನರಲ್’ (1926) ಇದೇ. ಶತ್ರುಗಳು ಅವನ ರೈಲು ಇಂಜಿನ್ ಕದ್ದು ಉತ್ತರಕ್ಕೆ ಓಡುತ್ತಾರೆ, ಅವನು ಇನ್ನೊಂದು ಇಂಜಿನ್ನಿನಲ್ಲಿ ಬೆನ್ನಟ್ಟುತ್ತಾನೆ. ಆಮೇಲೆ ತನ್ನ ಇಂಜಿನ್ ಕದ್ದು ದಕ್ಷಿಣಕ್ಕೆ ಓಡುತ್ತಾನೆ, ಅವರು ಬೆನ್ನಟ್ಟುತ್ತಾರೆ. ಹೋಗುವಾಗ ಹಳಿಯ ಮೇಲೆ ದಿಮ್ಮಿ ಎಸೆದವರು ಅವರು. ಬರುವಾಗ ಎಸೆಯುವವನು ಇವನು. ಒಂದೇ ಹಳಿ, ಅವೇ ಅಡ್ಡಿಗಳು, ಪಾತ್ರ ಅದಲುಬದಲು. ನಮಗೆ ದಾರಿ ಮೊದಲೇ ಪರಿಚಯವಿರುವುದರಿಂದ ಎರಡನೆಯ ಸಲ ಯಾರೂ ಏನನ್ನೂ ವಿವರಿಸಬೇಕಿಲ್ಲ. ಮಿಲ್ಲರ್‌ಗೂ ಇದೇ ಲಾಭ. ಹೋಗುವಾಗ ಬಂಡೆ ಕುಸಿದು ಕಣಿವೆ ಅರ್ಧ ಮುಚ್ಚಿತ್ತು. ಬರುವಾಗ ಆ ಕಣಿವೆಯೇ ಗುರಿ, ಅದನ್ನು ದಾಟಿ ಹಿಂದಿನಿಂದ ಮುಚ್ಚಿದರೆ ಗೆಲುವು. ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ, ನಮಗೆ ಅಷ್ಟು ಸಾಕು.

ವಸ್ತುಗಳಿಗೂ ಇದೇ ಗತಿ. ಮೊದಲರ್ಧದಲ್ಲಿ ಬಲವಂತವಾಗಿ ಆದದ್ದು ಕೊನೆಯಲ್ಲಿ ಒಪ್ಪಿ ನಡೆಯುತ್ತದೆ. ಲಾರಿ ಚಾಲೂ ಮಾಡಲು ಸ್ವಿಚ್ಚುಗಳ ಒಂದು ಗುಟ್ಟಿನ ಕ್ರಮವಿದೆ. ಮ್ಯಾಕ್ಸ್ ಲಾರಿ ಕದ್ದಾಗ ಅದು ಸ್ವಲ್ಪ ದೂರದಲ್ಲೇ ನಿಂತುಬಿಡುವುದು ಅದರಿಂದಲೇ, ಅವನು ಫ್ಯೂರಿಯೋಸಾಳೊಡನೆ ಚೌಕಾಸಿಗೆ ಇಳಿಯುವುದೂ ಅದರಿಂದಲೇ. ಕಣಿವೆಗೆ ಬಂದಾಗ ಅವಳು ಆ ಕ್ರಮವನ್ನು ತಾನಾಗಿ ಅವನಿಗೆ ಹೇಳಿಕೊಡುತ್ತಾಳೆ. ಇಬ್ಬರ ನಡುವೆ ನಂಬಿಕೆ ಹುಟ್ಟಿತು ಎಂದು ತಿಳಿಸಲು ಬೇರೆ ದೃಶ್ಯ ಬೇಕಿಲ್ಲ. ಗುಂಡುಗಳು ಎಣಿಕೆಯಷ್ಟೇ ಇವೆ. ಗುರಿ ತಪ್ಪಿದ ಮ್ಯಾಕ್ಸ್ ಕೊನೆಯ ಗುಂಡಿಗೆ ಬಂದೂಕನ್ನು ಅವಳಿಗೆ ಕೊಟ್ಟು ತನ್ನ ಹೆಗಲನ್ನು ಊರುಗೋಲಾಗಿ ಒಡ್ಡುತ್ತಾನೆ. ಚೀಡೋ ಎಂಬ ಅಂಜುಬುರುಕ ಹುಡುಗಿ ಮೊದಲು ಜೋನ ಬಳಿಗೆ ಮರಳಿ ಓಡಲು ನೋಡುತ್ತಾಳೆ. ಕೊನೆಯಲ್ಲಿ ಅದೇ ಅಂಜಿಕೆಯನ್ನು ನಟಿಸಿ, ಜೋನ ಮಗನ ಕೈ ಹಿಡಿದು ಗಾಡಿಗೆ ಹತ್ತಿ, ಫ್ಯೂರಿಯೋಸಾಳನ್ನು ಒಳಕ್ಕೆ ಸೇರಿಸಿಕೊಳ್ಳುತ್ತಾಳೆ. ಅವಳ ಹಿಂದಿನ ದೌರ್ಬಲ್ಯವನ್ನು ಶತ್ರು ಕಂಡಿದ್ದ, ಆದ್ದರಿಂದ ನಂಬಿದ. ಎಲ್ಲಕ್ಕೂ ಮಿಗಿಲಾಗಿ ರಕ್ತ. ಮೊದಲು ಕಟ್ಟಿಹಾಕಿ ಕಿತ್ತುಕೊಂಡ ರಕ್ತವನ್ನು ಮ್ಯಾಕ್ಸ್ ಕೊನೆಗೆ ಸಾಯುತ್ತಿರುವ ಫ್ಯೂರಿಯೋಸಾಳಿಗೆ ತಾನೇ ಕೊಳವೆ ಚುಚ್ಚಿ ಕೊಡುತ್ತಾನೆ. ಆಗಲೇ ತನ್ನ ಹೆಸರನ್ನೂ ಹೇಳುತ್ತಾನೆ, ಹಿಂದೆ ಅವಳು ಕೇಳಿದಾಗ ಹೇಳದಿದ್ದದ್ದನ್ನು. ಮಿಲ್ಲರ್ ಸಿನಿಮಾಕ್ಕೆ ಬರುವ ಮುನ್ನ ವೈದ್ಯರಾಗಿದ್ದವರು. ಆ ಕೊಳವೆ, ಸೂಜಿಗಳ ಬಗ್ಗೆ ಚಿತ್ರಕ್ಕಿರುವ ನಿರ್ಭಾವುಕ ಖಚಿತತೆ ಅಲ್ಲಿಂದ ಬಂದಿರಬಹುದು ಎಂದು ನನ್ನ ಊಹೆ.

ಹಾಗೆಂದು ಎಲ್ಲ ಕಡೆಯೂ ಬಿಗಿ ಇದೆ ಎಂದು ನಾನು ವಾದಿಸುವುದಿಲ್ಲ. ಮೊದಲು ಇವರ ಜೊತೆ ಬರುವುದಿಲ್ಲವೆಂದ ಮ್ಯಾಕ್ಸ್ ಮನಸ್ಸು ಬದಲಿಸುವ ಗಳಿಗೆಯೇ ಚಿತ್ರದ ಕೀಲು, ಮತ್ತು ಅಲ್ಲೇ ಅದು ಸಡಿಲ. ಅವನನ್ನು ಕಾಡುವ ಒಂದು ಮಗುವಿನ ಭ್ರಮೆ ಬಂದು ಕರೆಯುತ್ತದೆ, ಅವನು ಬೈಕ್ ಏರುತ್ತಾನೆ. ಆ ಮಗು ಯಾರು, ಅವನು ಯಾರನ್ನು ಉಳಿಸಲಾರದೆ ಹೋದ ಎಂಬುದು ಮಿಂಚಿನಂಥ ತುಣುಕುಗಳಲ್ಲಿ ಬಂದುಹೋಗಿದೆ ಅಷ್ಟೆ. ಎಲ್ಲವನ್ನೂ ಕಣ್ಣೆದುರಿನ ಕಾರಣಗಳಿಂದ ನಡೆಸಿದ ಚಿತ್ರ ಇಲ್ಲಿ ಮಾತ್ರ ದೆವ್ವವನ್ನು ಕರೆಸುತ್ತದೆ. ಅಂಗರಾಡ್‌ಳ ಸಾವೇ ಅವನನ್ನು ತಿರುಗಿಸಬಹುದಿತ್ತು, ಆ ಸಾಲ ಅವನ ತಲೆಯ ಮೇಲಿತ್ತು. ಆ ದಾರ ಕೈಯಲ್ಲಿದ್ದೂ ಯಾಕೆ ಎಳೆಯಲಿಲ್ಲವೋ! ಮುದುಕಿಯರ ವಿಷಯದಲ್ಲೂ ನನಗೆ ತಕರಾರಿದೆ. ಬೀಜದ ಚೀಲ ಹೊತ್ತ ಅಜ್ಜಿಯನ್ನು ಬಿಟ್ಟರೆ ಉಳಿದವರ ಮುಖ ಮನಸ್ಸಿನಲ್ಲಿ ನಿಲ್ಲುವ ಮೊದಲೇ ಅವರು ಸಾಯತೊಡಗುತ್ತಾರೆ. ಮರಳುವ ಓಟಕ್ಕೆ ಬೆಲೆ ತೆರಬೇಕಿತ್ತು, ತೆರಲೆಂದೇ ಅವರನ್ನು ಕರೆತಂದ ಹಾಗಿದೆ.

2024ರಲ್ಲಿ ಬಂದ ‘ಫ್ಯೂರಿಯೋಸಾ’ ಇದರ ಪೂರ್ವಕಥೆ. ‘ಕಥೆ ಇಲ್ಲ’ ಎಂದವರು ಕೇಳಿದ್ದೆಲ್ಲ ಅದರಲ್ಲಿದೆ: ಅವಳ ಬಾಲ್ಯ, ತಾಯಿಯ ಸಾವು, ಕೈ ಹೋದದ್ದು ಹೇಗೆ, ಐದು ಅಧ್ಯಾಯಗಳಲ್ಲಿ. ಟ್ಯಾಂಕರಿನ ಮೇಲೆ ದಾಳಿಯಾಗುವ ಒಂದು ದೀರ್ಘ ಭಾಗ ಹಳೆಯ ಚಿತ್ರಕ್ಕೆ ಸರಿಸಮನಾಗಿದೆ. ಉಳಿದಂತೆ ನಾನು ಎರಡು ಸಲ ಗಡಿಯಾರ ನೋಡಿದೆ. ಮಾಹಿತಿ ಹೆಚ್ಚಿತು, ವರ್ಷಗಳು ಉರುಳಿದವು, ‘ಆಮೇಲೆ’ಗಳು ಬಂದವು. ಮೊದಲ ಚಿತ್ರದಲ್ಲಿ ಆ ಕೈ ಹೇಗೆ ಹೋಯಿತೆಂದು ಯಾರೂ ಹೇಳಿರಲಿಲ್ಲ. ಹಸಿರು ನೆಲದ ಸುದ್ದಿ ಕೇಳಿ ಅವಳು ನಡೆಯುತ್ತಾ ಹೋಗಿ, ಲೋಹದ ಕೈಯನ್ನು ಕಳಚಿಟ್ಟು, ಮರಳಿನಲ್ಲಿ ಮಂಡಿಯೂರಿ ಕಿರುಚಿದಾಗ ಅದು ಗೊತ್ತಿರಬೇಕೆಂದು ನಮಗೆ ಅನ್ನಿಸಿಯೂ ಇರಲಿಲ್ಲ.

ಮುಕ್ತಾಯದ ಬಗ್ಗೆ ನನಗೆ ಇನ್ನೂ ಸಮಾಧಾನವಿಲ್ಲ. ಜೋನ ಹೆಣವನ್ನು ತೋರಿಸಿದ್ದೇ ತಡ ಕೋಟೆ ಶರಣಾಗುತ್ತದೆ. ಫ್ಯೂರಿಯೋಸಾ ಮತ್ತು ಹೆಂಗಸರು ಹಲಗೆಯ ಮೇಲೆ ನಿಂತು ಮೇಲಕ್ಕೇರುತ್ತಾರೆ, ಮ್ಯಾಕ್ಸ್ ಜನರ ನಡುವೆ ಕರಗಿಹೋಗುತ್ತಾನೆ. ಮೇಲಿನಿಂದ ನೀರು ಧುಮುಕುತ್ತದೆ, ಜನ ಪಾತ್ರೆ ಹಿಡಿದು ನುಗ್ಗುತ್ತಾರೆ. ಮೊದಲ ದೃಶ್ಯಗಳಲ್ಲಿ ಜೋ ನೀರು ಬಿಟ್ಟದ್ದೂ ಅದೇ ಎತ್ತರದಿಂದ, ಆಗಲೂ ಜನ ಹೀಗೆಯೇ ನುಗ್ಗಿದ್ದರು, ಅರ್ಧ ನೀರು ಮಣ್ಣುಪಾಲಾಗಿತ್ತು. ಆಗ ನಲ್ಲಿ ತಿರುಗಿಸಿ ಮುಚ್ಚಿದವನು ಜೋ. ಈಗ ತೆರೆದವರು, ಇಷ್ಟು ದಿನ ಹಾಲು ಕರೆಯಲೆಂದು ಕೂಡಿಹಾಕಿದ್ದ ತಾಯಂದಿರು. ಅದನ್ನು ಯಾರು ಮುಚ್ಚುತ್ತಾರೆ, ಯಾವಾಗ ಮುಚ್ಚುತ್ತಾರೆ ಎಂಬುದು ನಡೆಯುವ ಮೊದಲೇ ಪರದೆ ಕತ್ತಲಾಗುತ್ತದೆ.